ಮರಳ ಮೇಲಿನ ಚಿಪ್ಪು, ಚಿಪ್ಪಿನೊಳಗಿನ ಗೆರೆ

ಬೆಳಗ್ಗೆ ನೀರು ಇಳಿದ ಮೇಲೆ ಕಾಪು ಕಡಲತೀರದ ತುಂಬಾ ಮರುವಾಯಿ ಚಿಪ್ಪು. ಕಾಲಬುಡದಲ್ಲಿ ನೋಡಿದರೆ ಎಲ್ಲವೂ ಚೆಲ್ಲಾಪಿಲ್ಲಿ. ದೀಪಸ್ತಂಭದ ಬಂಡೆ ಹತ್ತಿ ನೋಡಿದರೆ ಅದರಲ್ಲೇ ಒಂದು ಬಾಗಿದ ಗೆರೆ, ಉಬ್ಬರದ ನೀರು ಎಲ್ಲಿವರೆಗೆ ಬಂದಿತ್ತೆಂಬ ಗುರುತು.

ಅಕ್ಕನ ಮಗಳು ಗ್ರಾಫ್ ಹಾಳೆಯಲ್ಲಿ ಒಂದೊಂದು ಚಿಪ್ಪಿಗೂ ಒಂದೊಂದು ಚುಕ್ಕಿ ಇಟ್ಟಳು. ನೋಡುತ್ತಾ ಕೂತವಳು, "ಮಾಮ, ಗೆರೆ ಒಂದಲ್ಲ, ಎರಡುಂಟು" ಎಂದಳು.

ಉಂಟೋ ಇಲ್ಲವೋ, ಹೇಗೆ ಹೇಳುವುದು? ನಮ್ಮ ಕಣ್ಣಿಗೆ ಎಲ್ಲೆಲ್ಲೂ ಗೆರೆ ಕಾಣುವ ಚಾಳಿ. ಅಂಗಳದ ಸಿಮೆಂಟಿನ ಮೇಲೆ ಬಿದ್ದ ಮೊದಲ ಮಳೆಹನಿಗಳಲ್ಲೂ ಅದು ಹಾವು, ಬಳ್ಳಿ ಕಂಡುಬಿಡುತ್ತದೆ.

ಈ ದೀಪಸ್ತಂಭ ಕಟ್ಟಿದ 1901ರಲ್ಲೇ ಲಂಡನ್ನಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಚುಕ್ಕಿಗಳ ನಡುವೆ ಅತಿ ಹತ್ತಿರದಿಂದ ಹಾಯುವ ನೇರ ಗೆರೆಯ ಲೆಕ್ಕ ಕೊಟ್ಟರು. ಅದನ್ನು ಬಾಗಿಸುವ ದಾರಿ ತೋರಿಸಿದ್ದು 1989ರಲ್ಲಿ ಟ್ರೆವರ್ ಹೇಸ್ಟಿ ಮತ್ತು ವರ್ನರ್ ಸ್ಟ್ಯೂಟ್ಸ್‌ಲೆ. ಮರಳ ಮೇಲೆ ನೆಟ್ಟಗೆ ಒಂದು ಹಗ್ಗ ಎಳೆದಿದ್ದೀರಿ ಎಂದುಕೊಳ್ಳಿ. ಪ್ರತಿ ಚಿಪ್ಪಿಗೂ ಹಗ್ಗದ ಯಾವ ಜಾಗ ಹತ್ತಿರವೆಂದು ನೋಡಿ. ಆಮೇಲೆ ಹಗ್ಗದ ಒಂದೊಂದು ಗೇಣನ್ನೂ ತನ್ನ ಪಾಲಿಗೆ ಬಂದ ಚಿಪ್ಪುಗಳ ಸರಾಸರಿ ಜಾಗಕ್ಕೆ ಸರಿಸಿ. ಹಗ್ಗ ಕೊಂಚ ಬಾಗಿತು. ಬಾಗಿದ್ದರಿಂದ ಕೆಲವು ಚಿಪ್ಪುಗಳಿಗೆ ಹತ್ತಿರದ ಜಾಗವೇ ಬೇರೆಯಾಯಿತು. ಮತ್ತೆ ಪಾಲು ಮಾಡಿ, ಮತ್ತೆ ಸರಿಸಿ. ಹಗ್ಗ ಇನ್ನು ಅಲುಗುವುದಿಲ್ಲ ಎಂದಾಗ ಸಿಕ್ಕಿದ್ದೇ ಪ್ರಧಾನ ವಕ್ರರೇಖೆ. ಎಷ್ಟು ಸರಳ, ಎಷ್ಟು ಚಂದ! ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅತಿ ಸಣ್ಣ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರದ ಅಯಸ್ಕಾಂತಗಳ ಸಾಲನ್ನು ಸರಿಪಡಿಸಲು ಇದೇ ಲೆಕ್ಕ ನೆರವಾಯಿತು.

ಆದರೆ ಕಾಗೆ ಕಚ್ಚಿ ತಂದು ಹಾಕಿದ ಚಿಪ್ಪೂ ಹಗ್ಗವನ್ನು ತನ್ನ ಕಡೆಗೆ ಎಳೆಯುತ್ತದಲ್ಲ? ಇದಕ್ಕೆ 2000ದಲ್ಲಿ ಡೆರೆಕ್ ಸ್ಟ್ಯಾನ್‌ಫರ್ಡ್ ಮತ್ತು ಏಡ್ರಿಯನ್ ರಾಫ್ಟರಿ ಉತ್ತರ ಕೊಟ್ಟರು. ಯಾವ ಗೆರೆಗೂ ಸೇರದೆ ತೀರದ ತುಂಬಾ ಸಮನಾಗಿ ಚದುರಿದ ಚುಕ್ಕಿಗಳದ್ದೇ ಒಂದು ಗುಂಪು ಮಾಡಿದರು. ಪ್ರತಿ ಚುಕ್ಕಿಯೂ ಗೆರೆಯದ್ದಾಗಿರುವ ಸಂಭವ ಹೆಚ್ಚೋ, ಚದುರಿದ್ದರದ್ದೋ ಎಂದು ತೂಗಿ ನೋಡುವುದು. ಚುಕ್ಕಿಗಳಿಗೆ ಚೆನ್ನಾಗಿ ಹೊಂದಿದಷ್ಟೂ ಉತ್ತರಕ್ಕೆ ಅಂಕ ಕೊಡುವುದು, ಗೆರೆಯ ಪ್ರತಿ ಹೆಚ್ಚುವರಿ ಬಾಗಿಗೂ, ಪ್ರತಿ ಹೊಸ ಗೆರೆಗೂ ಅಂಕ ಕಳೆಯುವುದು. ಈ ಸುಂಕ ಇಲ್ಲದಿದ್ದರೆ ಹಗ್ಗ ಒಂದೊಂದೇ ಚಿಪ್ಪನ್ನು ಮುಟ್ಟುತ್ತಾ ಊರೆಲ್ಲ ಸುತ್ತೀತು. ಅಮೆರಿಕದ ನ್ಯೂ ಮ್ಯಾಡ್ರಿಡ್ ಪ್ರದೇಶದ ಭೂಕಂಪ ಕೇಂದ್ರಗಳ ಮೇಲೂ ಅವರು ಇದನ್ನು ಪ್ರಯೋಗಿಸಿದರು. ಅಲ್ಲಿ ಭೂಕಂಪ ಹುಟ್ಟುವ ಬಿರುಕು ನೆಲದಡಿ ಹೂತಿದೆ. ಮೇಲಿನವರಿಗೆ ಸಿಗುವುದು ಚುಕ್ಕಿಗಳಷ್ಟೇ.

ಮಳೆಹನಿಗಳ ಫೋಟೊವನ್ನೂ ನಾನು ಇದೇ ಲೆಕ್ಕಕ್ಕೆ ಹಾಕಿದೆ. ಗೆರೆಯೇ ಇಲ್ಲ ಎಂಬ ಉತ್ತರಕ್ಕೆ ಹೆಚ್ಚು ಅಂಕ ಬಂತು. ಚಿಪ್ಪುಗಳ ಹಾಳೆಯಲ್ಲಿ ಮಾತ್ರ ಸುಂಕ ಕಳೆದ ಮೇಲೂ ಎರಡು ಗೆರೆಗಳೇ ಗೆದ್ದವು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡರ ಎತ್ತರ ಒಂದೇ ಅಲ್ಲ. ದೊಡ್ಡದು ಮೇಲೆ ಬರೆದು ಹೋದದ್ದನ್ನು, ಆಮೇಲೆ ಬಂದ ಚಿಕ್ಕದು ಮುಟ್ಟಿರಲಿಲ್ಲ.