ಹಳೆ ಫೋರ್ ವ್ಹೀಲ್ ಕ್ಯಾಂಪರ್: ಬೆಲೆ ಕಟ್ಟುವುದು ಕಾಗದ

ಕಲಬುರಗಿ ಕಡೆ ಮಳೆ ಹಿಡಿದರೆ ಎರೆ ಹೊಲದ ರಾಡಿಯಲ್ಲಿ ಟ್ರ್ಯಾಕ್ಟರ್ ಬಿಟ್ಟು ನಡೆಯುವುದು ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವ ಫೋರ್ ವ್ಹೀಲ್ ಗಾಡಿಯೊಂದೇ. ಅಂಥ ಹಳೆ ಜೀಪು, ಪಿಕಪ್‌ಗಳ ಹಿಂಬದಿಗೆ ಮಂಚ, ನೀರಿನ ಟ್ಯಾಂಕು, ಗ್ಯಾಸ್ ಒಲೆ ಕೂಡಿಸಿ, ಕ್ಯಾಂಪರ್ ಮಾಡಿಕೊಂಡು ಊರೂರು ತಿರುಗುವ ಹುರುಪು ಈಗ ಕೆಲವರಿಗೆ. ಮಾರಲು ನಿಂತಾಗ ಮಾತ್ರ ಈ ಖರ್ಚಿಗೆ ಬಿಡಿಗಾಸಿನ ಬೆಲೆಯೂ ಬರುವುದಿಲ್ಲ.

ಸ್ವಾತಂತ್ರ್ಯದ ಹೊಸದರಲ್ಲಿ ಮಹೀಂದ್ರಾ ಕಂಪನಿ ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿತು. ಸೇನೆಗಾಗಿ ಜಬಲ್ಪುರದಲ್ಲಿ ನಿಸ್ಸಾನ್ ಮಾದರಿಯ ಜೋಂಗಾ ಎಂಬ ಫೋರ್ ವ್ಹೀಲ್ ಗಾಡಿ ತಯಾರಾಯಿತು. ಆರು ಸಿಲಿಂಡರಿನ, ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್ ಅದರದ್ದು. ಮಿಲಿಟರಿ ಹರಾಜಿನಲ್ಲಿ ಕೊಂಡವರಿಗೆ ಅದರ ಪೆಟ್ರೋಲ್ ಕುಡಿತ ಸಾಕುವುದಾಗಲಿಲ್ಲ. ಹಲವರು ಎಂಜಿನ್ ಇಳಿಸಿ ಡೀಸೆಲ್ ಕೂಡಿಸಿದರು. ಜೀಪಿನವರಿಗೆ ಆ ಚಿಂತೆ ಕಡಿಮೆ, ಪೆಜೋ ಡೀಸೆಲ್ ಎಂಜಿನ್ ಕಂಪನಿಯಿಂದಲೇ ಬರುತ್ತಿತ್ತು. ಆದರೆ ಖರ್ಚು ಉಳಿಸಲೆಂದು ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿಸಿದವರಿದ್ದರು. ಹೀಗಾಗಿ ಗೇರ್ ಕಡ್ಡಿ ಎರಡಿದ್ದರೂ ಗಾಡಿಯ ಕೆಳಗೆ ಬಗ್ಗಿ ನೋಡದೆ ಫೋರ್ ವ್ಹೀಲ್ ಎಂದು ನಂಬಬಾರದು.

ತೊಡಕು ಶುರುವಾಗುವುದು ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ. 1988ರ ಮೋಟಾರು ವಾಹನ ಕಾಯ್ದೆಯಂತೆ ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರಲ್ಲಿ, 20 ವರ್ಷ ದಾಟಿದ ಕಾರು-ಜೀಪುಗಳಿಗೆ 10,000. ಇಷ್ಟಾದರೂ ಇದು ಸಹಿಸಬಹುದಾದ ಹೊರೆ, ಒಮ್ಮೆ ಕಟ್ಟಿದರೆ ಐದು ವರ್ಷಕ್ಕೆ ತೀರಿತು.

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಹಾಗಲ್ಲ. ಕಂಪನಿಯ ಮೂಲ ವಿವರಕ್ಕೆ ಹೊರತಾಗುವಂತೆ ಗಾಡಿ ಬದಲಿಸುವಂತಿಲ್ಲ ಎಂದಿತು. ಅಲ್ಲಿಗೆ ಹಳೆ ಹವ್ಯಾಸಿಗಳ ಬುಡವೇ ಅಲುಗಿತು. ವಾಸಕ್ಕೆಂದೇ ಮಾಡಿದ ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಗ್ಯಾರೇಜಿನಲ್ಲಿ ಕಟ್ಟಿಸಿದ ಪೆಟ್ಟಿಗೆ ಅದರ ಹತ್ತಿರವೂ ಸುಳಿಯದು. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ಟಿನೊಳಗೆ ಡೀಸೆಲ್ ಇದ್ದರಂತೂ ನವೀಕರಣಕ್ಕೆ ಹೋದ ದಿನವೇ ಪೇಚು.

ಆದ್ದರಿಂದ ತಿಳಿದವರು ವೆಲ್ಡಿಂಗ್ ಮಾಡಿಸದೆ ಬೋಲ್ಟ್ ಬಿಚ್ಚಿ ಇಳಿಸಬಹುದಾದ ಸಾಮಾನು ಇಡುತ್ತಾರೆ, ಮಾರುವಾಗ ಅದನ್ನು ಬೇರೆಯೇ ಮಾರುತ್ತಾರೆ. ನನ್ನ ಲೆಕ್ಕದಲ್ಲೂ ಜಾಣತನ ಅದೇ. ಕೊಳ್ಳುವವರು ಪೇಂಟಿಗೆ ಮರುಳಾಗದೆ ಚಾಸಿ ನಂಬರು, ತುಕ್ಕು, ಮುಂದೆ-ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಸದ್ದು, ಇವಕ್ಕೆ ದುಡ್ಡು ಕೊಡಲಿ.

ಬೀದರಿನವರಿಗೆ ಇನ್ನೊಂದು ಎಚ್ಚರ ಬೇಕು. ಜಹೀರಾಬಾದಿನಲ್ಲೋ ಉದಗೀರದಲ್ಲೋ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಆಚೆ ರಾಜ್ಯದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, 12 ತಿಂಗಳು ಮೀರಿ ಇಲ್ಲೇ ಇಟ್ಟುಕೊಂಡರೆ ಕೆಎ-38 ನಂಬರೂ ಆಗಬೇಕು. ಕರ್ನಾಟಕದ ತೆರಿಗೆಯನ್ನು ಗಾಡಿಯ ಬೆಲೆಗೆ ಕೂಡಿಸಿಯೇ ಚೌಕಾಸಿಗೆ ಇಳಿಯಬೇಕು.