ಇಳಿಜಾರಿಗೆ ಮೂತಿ ಮಾಡಿದರೆ ಮಾತ್ರ ಸ್ಟಾರ್ಟ್ ಆಗುತ್ತಿದ್ದ ಕ್ವಾಲಿಸ್

ಮೂಡಿಗೆರೆ ಕಡೆಯವರೊಬ್ಬರು ನನ್ನ ಡೀಸೆಲ್ ಪಂಪ್ ರಿಪೇರಿ ಅಂಗಡಿಗೆ ಹಳೇ ಟೊಯೊಟಾ ಕ್ವಾಲಿಸ್ ತಂದರು. ಹೋಮ್‌ಸ್ಟೇಗೆ ಬರುವವರನ್ನು ಕರೆತರಲು, ಪೇಟೆಯಿಂದ ಸಾಮಾನು ಹೊರಲು, ಎಲ್ಲಕ್ಕೂ ಅವರಿಗೆ ಅದೇ ಗಾಡಿ. ಕಾಗದದಲ್ಲಿ ಏನೇ ಬರೆದಿರಲಿ, ಅವರ ಮನೆಯಲ್ಲಿ ಅದನ್ನು ಕರೆಯುವುದು ವ್ಯಾನ್ ಅಂತಲೇ. ನಾನು ಬಾನೆಟ್ ಎತ್ತುವ ಮೊದಲೇ ಅವರು ಶುರು ಮಾಡಿದರು.

"ಮಾರಾಯ್ರೇ, ಅಂಗಳದಲ್ಲಿ ಮೂತಿ ಕೆಳಗೆ ಮಾಡಿ ನಿಲ್ಸಿದ್ರೆ ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಮೂತಿ ಮೇಲೆ ಮಾಡಿದ್ರೆ ಬ್ಯಾಟರಿ ಇಳಿಯೋ ತನಕ ಹೊಡೀಬೇಕು. ಇದೆಂಥ ಕಾಯಿಲೆ?"

ಅರ್ಧ ಕೆಲಸ ಅವರೇ ಮುಗಿಸಿಕೊಂಡು ಬಂದಿದ್ದರು. ಕ್ವಾಲಿಸ್‌ನ ಟ್ಯಾಂಕ್ ಹಿಂದೆ, ಎಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವ ಪಂಪ್ ಮುಂದೆ. ಮೂತಿ ಮೇಲೆ ಮಾಡಿ ನಿಲ್ಲಿಸಿದರೆ ಪಂಪಿನಲ್ಲಿರುವ ಡೀಸೆಲ್ ಟ್ಯಾಂಕಿನ ಕಡೆ ಇಳಿಯಲು ನೋಡುತ್ತದೆ. ಎಲ್ಲೂ ತೂತಿಲ್ಲದಿದ್ದರೆ ಅದು ಇಳಿಯಲಾರದು. ಸ್ಟ್ರಾದಲ್ಲಿ ಜ್ಯೂಸ್ ಎಳೆದು ಮೇಲೆ ಬೆರಳು ಮುಚ್ಚಿದರೆ ಕೆಳಗೆ ಬೀಳುವುದಿಲ್ಲ, ಅಲ್ವಾ? ಹಾಗೆ. ಬೆರಳು ಒಂದು ಕೂದಲಿನಷ್ಟು ಸರಿದರೂ ಸಾಕು, ರಾತ್ರಿಯೆಲ್ಲ ಗಾಳಿ ಒಳಗೆ, ಡೀಸೆಲ್ ಹಿಂದಕ್ಕೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಪಂಪ್ ತಳ್ಳುವುದು ಗಾಳಿಯನ್ನು.

ನನ್ನ ಹತ್ತಿರ ಬರುವ ಮೊದಲು ಅವರು ಎರಡು ಕಡೆ ಸುತ್ತಿದ್ದರು. ಒಂದು ಕಡೆ ಸ್ಟಾರ್ಟಿಗೆ ಮುಂಚೆ ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ನಾಲ್ಕನ್ನೂ ಬದಲಾಯಿಸಿದ್ದರು. ಇನ್ನೊಂದು ಕಡೆ "ಪಂಪ್ ಪೂರ್ತಿ ಹೋಗಿದೆ, ಹೆಡ್ಡೇ ಹೊಸದು ಹಾಕಬೇಕು" ಎಂದು ಹೇಳಿ, ಸದ್ಯಕ್ಕೆ ಇರಲಿ ಅಂತ ಕಲಸಿ ಮೆತ್ತುವ ಅಂಟನ್ನು ಹೆಡ್ಡಿಗೆ, ಅಂದರೆ ಡೀಸೆಲ್ ಹಂಚುವ ಪಂಪಿನ ಹಿಂಭಾಗಕ್ಕೆ, ಮೆತ್ತಿ ಕಳಿಸಿದ್ದರು. ಡೀಸೆಲ್ ಪಸೆ ಇರುವ ಲೋಹದ ಮೇಲೆ ಯಾವ ಅಂಟೂ ಕೂರುವುದಿಲ್ಲ. ಸ್ಕ್ರೂಡ್ರೈವರ್ ಮೊನೆ ತಾಗಿಸಿದೆ, ಒಣಗಿದ ಸಗಣಿ ಬೆರಣಿಯ ಹಾಗೆ ಇಡಿಯಾಗಿ ಎದ್ದು ಬಂತು.

ಈ ಪಂಪಿನ ಬಗ್ಗೆ ಒಂದು ವಿಷಯ ಗೊತ್ತಿದ್ದರೆ ಉಳಿದದ್ದು ಸುಲಭ. ಹಳೇ ಲಾರಿ, ಬಸ್ಸುಗಳಲ್ಲಿ ಇನ್‌ಲೈನ್ ಪಂಪ್ ಇರುತ್ತಿತ್ತು. ಸಿಲಿಂಡರಿಗೊಂದು ಡೀಸೆಲ್ ತಳ್ಳುವ ಎಲಿಮೆಂಟ್, ಕೆಳಗೆ ಆಯಿಲಿನಲ್ಲಿ ತಿರುಗುವ ಕ್ಯಾಮ್. ಕ್ವಾಲಿಸ್‌ನಂಥ ಗಾಡಿಗಳದ್ದು ರೋಟರಿ ಪಂಪ್. ವಿನ್ಯಾಸ ಬಾಷ್‌ನ ವಿಇ ಮಾದರಿ, ಕ್ವಾಲಿಸ್‌ನಲ್ಲಿರುವುದು ಡೆನ್ಸೋ ಕಂಪನಿಯದ್ದು. ನಮ್ಮ ಗಿರಾಕಿಗಳಿಗೆ ಮಾತ್ರ ಎಲ್ಲವೂ ಮೈಕೋ ಪಂಪೇ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸಿಕೊಂಡರೂ ಬಾಯಿಂದ ಮೈಕೋ ಹೋಗಲಿಲ್ಲ.

ರೋಟರಿ ಪಂಪಿನಲ್ಲಿ ಡೀಸೆಲ್ ತಳ್ಳುವ ದಂಡ, ಅಂದರೆ ಪ್ಲಂಜರ್, ಒಂದೇ. ಅದು ತಿರುಗುತ್ತಾ, ಹಿಂದೆ ಮುಂದೆ ಹೋಗುತ್ತಾ ನಾಲ್ಕು ಸಿಲಿಂಡರಿಗೂ ಹಂಚುತ್ತದೆ. ಆಯಿಲ್ ಇಲ್ಲ. ಇಡೀ ಪಂಪಿನ ಹೊಟ್ಟೆ ಡೀಸೆಲಿನಿಂದ ತುಂಬಿರುತ್ತದೆ. ಒಳಗಿನ ಬೇರಿಂಗು, ಕ್ಯಾಮ್, ಎಂಜಿನ್ ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಎಲ್ಲ ಅದರಲ್ಲೇ ಮುಳುಗಿ ಕೆಲಸ ಮಾಡುತ್ತವೆ. ಟ್ಯಾಂಕಿನಿಂದ ಡೀಸೆಲ್ ಎಳೆಯಲು ಒಳಗೇ ಇರುವ ವೇನ್ ಪಂಪ್ ಆ ಹೊಟ್ಟೆಯಲ್ಲಿ ಐಡಲಿಂಗಿನಲ್ಲಿ ಚದರ ಸೆಂಟಿಮೀಟರಿಗೆ ಎರಡು ಮೂರು ಕೆಜಿ, ರೇಸ್ ಕೊಟ್ಟರೆ ಆರೇಳು ಕೆಜಿ ಒತ್ತಡ ಇಡುತ್ತದೆ. ಹಾಗಾಗಿ ಎಂಜಿನ್ ಓಡುವಾಗ ಸಣ್ಣ ಸಂದು ಸಿಕ್ಕರೂ ಡೀಸೆಲ್ ಹೊರಗೆ ಬರುತ್ತದೆ. ನಿಲ್ಲಿಸಿದ ಮೇಲೆ ಒತ್ತಡ ಹೋಯಿತು. ಅದೇ ಸಂದಿನಿಂದ ಈಗ ಗಾಳಿ ಒಳಗೆ. ಹಗಲು ಸೋರುವ ಜಾಗ, ರಾತ್ರಿ ಗಾಳಿ ಎಳೆಯುವ ಜಾಗ ಎರಡೂ ಸಾಮಾನ್ಯವಾಗಿ ಒಂದೇ. ಗಿರಾಕಿಗಳು ಎರಡು ಬೇರೆ ಕಾಯಿಲೆ ಅಂದುಕೊಂಡಿರುತ್ತಾರೆ.

ಆದರೆ ಒಂದು ಅನುಮಾನ ಮೊದಲೇ ಪರಿಹರಿಸಿಕೊಳ್ಳಬೇಕು. ಗಾಳಿ ಪಂಪಿಗಿಂತ ಹಿಂದೆ, ಟ್ಯಾಂಕಿನಿಂದ ಬರುವ ಲೈನಿನಲ್ಲೂ ಹಿಡಿಯಬಹುದು. ಫಿಲ್ಟರ್ ಮೇಲಿರುವ ಹ್ಯಾಂಡ್ ಪಂಪಿನ ರಬ್ಬರ್ ಪದರ, ಡಯಾಫ್ರಂ, ಬಿರಿದಿರುತ್ತದೆ, ರಬ್ಬರ್ ಪೈಪು ಕ್ಲಿಪ್ಪಿನ ಅಡಿಯಲ್ಲಿ ಸೀಳಿರುತ್ತದೆ. ಅಲ್ಲಿ ಎಳೆತ ಇರುವುದರಿಂದ ಹೊರಗೆ ಒದ್ದೆ ಕಾಣುವುದೇ ಇಲ್ಲ. ಇದಕ್ಕೆ ನಾನು ಮಾಡುವುದು ಹಳೇ ಉಪಾಯ. ಒಂದು ಕ್ಯಾನಿಗೆ ಸೋಸಿದ ಡೀಸೆಲ್ ಹಾಕಿ ಬಾನೆಟ್ಟಿಗೆ ನೇತುಹಾಕಿ, ಪಾರದರ್ಶಕ ಪೈಪಿನಲ್ಲಿ ನೇರ ಪಂಪಿಗೆ ಕೊಡುತ್ತೇನೆ. ಒಂದು ರಾತ್ರಿ ಹಾಗೇ ಬಿಡುತ್ತೇನೆ. ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆದರೂ ಪಂಪ್ ಗೆದ್ದಿತು ಅಂತ ಅಲ್ಲ. ಎತ್ತರದಲ್ಲಿ ಡೀಸೆಲ್ ಇರುವಾಗ ಗಾಳಿ ಒಳಗೆ ಬರುವ ಬದಲು ಡೀಸೆಲ್ಲೇ ಹೊರಗೆ ಜಿನುಗುತ್ತದೆ. ಪಂಪ್ ಒಣಗಿದ್ದು ಸ್ಟಾರ್ಟ್ ಸಲೀಸಾಗಿದ್ದರೆ ದೋಷ ಲೈನಿನದು. ಪಂಪ್ ಒದ್ದೆಯಾಗಿದ್ದರೆ ಪಂಪಿನದು. ಈ ಕ್ವಾಲಿಸ್‌ನದು ಬೆಳಿಗ್ಗೆ ಒದ್ದೆಯಾಗಿತ್ತು.

ಇನ್ನು ಪಂಪಿನಲ್ಲಿ ಎಲ್ಲಿ? ಇಲ್ಲೇ ಜಾಸ್ತಿ ಜನ ಎಡವುವುದು. ಎಂಜಿನ್ ಫ್ಯಾನ್ ಮುಂದಿದೆ. ಅದರ ಗಾಳಿ ಡೀಸೆಲನ್ನು ಹಿಂದಕ್ಕೆ ತಳ್ಳುತ್ತದೆ. ಪಂಪಿನ ಹೆಡ್ ಇರುವುದು ಹಿಂದೆ. ಹಾಗಾಗಿ ಸೋರಿದ್ದು ಎಲ್ಲಿಂದಾದರೂ ಒದ್ದೆಯಾಗುವುದು ಹೆಡ್ಡು, ಬೈಸಿಕೊಳ್ಳುವುದೂ ಹೆಡ್ಡು. ಎಷ್ಟೋ ಸಲ ಸೋರುವುದು ಪಂಪೇ ಅಲ್ಲ. ಮೇಲೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲಿನಿಂದ ಉಳಿದದ್ದು ವಾಪಸ್ ಹೋಗುವ ಪೈಪಿನ ವಾಷರ್ ಹೋಗಿ ಡೀಸೆಲ್ ಪಂಪಿನ ಮೇಲೆ ಇಳಿದಿರುತ್ತದೆ.

ಅದಕ್ಕೆ ಮೊದಲು ತೊಳೆಯಬೇಕು. ಸುಮ್ನೆ ಒರೆಸುವುದಲ್ಲ, ಬ್ರಷ್ ಹಾಕಿ ಉಜ್ಜಿ, ಸಂದಿಗೊಂದಿಯಲ್ಲಿರುವ ಮಣ್ಣು ತೆಗೆದು, ಏರ್ ಹೊಡೆದು ಒಣಗಿಸಬೇಕು. ಆಮೇಲೆ ಮಕ್ಕಳ ಪೌಡರ್ ಉದುರಿಸಿ. ಐದು ನಿಮಿಷ ಐಡಲಿಂಗ್, ಆಗಾಗ ರೇಸ್. ಬಿಳಿ ಪೌಡರಿನ ಮೇಲೆ ಒದ್ದೆ ಕಪ್ಪಗೆ ಮೂಡುತ್ತದೆ. ಮೊದಲು ಎಲ್ಲಿ ಮೂಡಿತೋ, ಎಲ್ಲಕ್ಕಿಂತ ಮೇಲೆ ಎಲ್ಲಿದೆಯೋ, ಅದೇ ಜಾಗ. ನೋಡುವಾಗ ನಾಜಲಿಗೆ ಹೋಗುವ ಹೈಪ್ರೆಶರ್ ಪೈಪುಗಳ ಹತ್ತಿರ ಕೈ ಆಡಿಸಬೇಡಿ. ಅಲ್ಲಿ ನೂರು ಕೆಜಿಗೂ ಜಾಸ್ತಿ ಒತ್ತಡ. ಸಣ್ಣ ಬಿರುಕಿನಿಂದ ಬರುವ ಡೀಸೆಲ್ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದೆ. ಮೇಲೆ ಇರುವೆ ಕಚ್ಚಿದಷ್ಟೇ ಗುರುತು ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಹಾಗಾದರೆ ಮುಲಾಮು ಹಚ್ಚಿ ಕೂರಬಾರದು, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ನಮ್ಮ ಗಾಡಿಯಲ್ಲಿ ಪೌಡರ್ ಕಪ್ಪಾಗಿದ್ದು ಮೇಲಿನ ಕವರಿನಲ್ಲಿ, ಆಕ್ಸಿಲರೇಟರ್ ಲಿವರಿನ ಬುಡದಲ್ಲಿ. ಲಿವರನ್ನು ಬೆರಳಿನಲ್ಲಿ ಪಕ್ಕಕ್ಕೆ ಒತ್ತಿದೆ, ಶಾಫ್ಟಿನ ಸುತ್ತ ಒಂದು ನೊರೆ ಗುಳ್ಳೆ ಎದ್ದಿತು. ಬಿಟ್ಟೆ, ಹೋಯಿತು. ಗಾಡಿಯವರನ್ನೂ ಕರೆದು ತೋರಿಸಿದೆ. "ಇಷ್ಟೇಯಾ?" ಅಂದರು. ಇಷ್ಟೇ.

ಇಷ್ಟೇ ಅಂದರೂ ಕವರ್ ಬಿಚ್ಚುವುದು ತಾಳ್ಮೆಯ ಕೆಲಸ. ಪಂಪ್ ಗಾಡಿಯಲ್ಲೇ ಇರಬಹುದು, ಇಳಿಸಬೇಕಾಗಿಲ್ಲ. ಶಾಫ್ಟಿನ ತುದಿಯಲ್ಲಿ ಸಣ್ಣ ಹಲ್ಲುಗಳಿವೆ. ಲಿವರ್ ಬಿಚ್ಚುವ ಮೊದಲು ಶಾಫ್ಟಿಗೂ ಲಿವರಿಗೂ ಸೇರಿಸಿ ಒಂದು ಗೀರು ಹಾಕಿಕೊಳ್ಳಿ. ಮತ್ತೆ ಕೂರಿಸುವಾಗ ಒಂದು ಹಲ್ಲು ಆಚೀಚೆ ಆದರೆ ಐಡಲಿಂಗ್ ಎಲ್ಲೋ, ಪಿಕಪ್ ಎಲ್ಲೋ. ಆಮೇಲೆ ಕವರಿನ ಬೋಲ್ಟ್ ತೆಗೆದು ಎಳೆದರೆ ಅದು ಬರುವುದಿಲ್ಲ. ಶಾಫ್ಟಿನ ಕೆಳತುದಿ ಗವರ್ನರ್ ಸ್ಪ್ರಿಂಗಿಗೆ ಸಿಕ್ಕಿಕೊಂಡಿರುತ್ತದೆ. ಜೋರು ಮಾಡಿ ಎಳೆದವರು ಸ್ಪ್ರಿಂಗ್ ಹಿಗ್ಗಿಸಿ ನನ್ನ ಹತ್ತಿರ ತಂದಿದ್ದಾರೆ. ಶಾಫ್ಟಿನ ತಲೆಯನ್ನು ಹೆಬ್ಬೆರಳಿನಲ್ಲಿ ಕೆಳಗೆ ಒತ್ತುತ್ತಾ ಕವರನ್ನು ಮೇಲೆತ್ತಿ. ಶಾಫ್ಟ್ ಕೆಳಗೆ ಸ್ಪ್ರಿಂಗಿನಲ್ಲೇ ಉಳಿಯುತ್ತದೆ, ಕವರ್ ಮಾತ್ರ ಕೈಗೆ ಬರುತ್ತದೆ.

ಈಗ ಪಂಪಿನ ಹೊಟ್ಟೆ ತೆರೆದಿದೆ. ಮೂಗೊರೆಸಿದ ಬಟ್ಟೆ, ಬನಿಯನ್ ವೇಸ್ಟ್ ಯಾವುದೂ ಅದರ ಹತ್ತಿರ ಬರಬಾರದು. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಒಳಗೆ ಪ್ಲಂಜರಿಗೂ ಹೆಡ್ಡಿಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್. ಬಟ್ಟೆಯ ಒಂದು ಎಳೆ, ಮರಳಿನ ಒಂದು ಕಣ ಸಾಕು, ಮೊದಲು ಹೇಳಿದವರ ಮಾತು ನಿಜವಾಗಿ ಹೊಸ ಹೆಡ್ಡೇ ಬೇಕಾಗುತ್ತದೆ.

ಶಾಫ್ಟಿನ ತೋಡಿನಲ್ಲಿ ಕೂತಿದ್ದ, ಸಂದು ಮುಚ್ಚುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ದುಂಡಗಿರಲಿಲ್ಲ, ಪಟ್ಟಿಯ ಹಾಗೆ ಚಪ್ಪಟೆ. ಉಗುರಿನಲ್ಲಿ ಒತ್ತಿದರೆ ಒಣಹುಣಸೆ ಸಿಪ್ಪೆಯ ಹಾಗೆ ಲಟಕ್ಕೆಂದಿತು. ಕ್ವಾಲಿಸ್ ಬಿಡದಿಯಲ್ಲಿ ತಯಾರಾಗಿದ್ದು 2000ದಿಂದ 2005ರವರೆಗೆ. ಅತಿ ಹೊಸ ಗಾಡಿಗೂ ಇಪ್ಪತ್ತು ವರ್ಷ. ಆ ರಬ್ಬರ್ ಅಷ್ಟು ದಿನ ಬಾಳಿದ್ದೇ ಹೆಚ್ಚು. ಇದರಲ್ಲಿ ಡೀಸೆಲಿನ ಪಾಲೂ ಇದೆ. ಆ ಕಾಲದ ಡೀಸೆಲಿನಲ್ಲಿ ಗಂಧಕ ನೂರಾರು ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ ಎಂಬ ಲೆಕ್ಕ), ಎಷ್ಟೋ ಕಡೆ ಸಾವಿರದ ಮೇಲೂ ಇತ್ತು. 2017ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ ಎಂಬ ಮಾಲಿನ್ಯ ನಿಯಮದ ಪ್ರಕಾರ ದೇಶಕ್ಕೆಲ್ಲ 50 ಪಿಪಿಎಂನ ಬಿಎಸ್-4 ಬಂತು, 2020ರ ಏಪ್ರಿಲಿನಲ್ಲಿ 10 ಪಿಪಿಎಂನ ಬಿಎಸ್-6. ಗಂಧಕ ತೆಗೆಯುವಾಗ ರಬ್ಬರನ್ನು ಉಬ್ಬಿಸಿಡುವ ಅಂಶಗಳೂ ಕಡಿಮೆಯಾಗುತ್ತವೆ. ಹಳೇ ಡೀಸೆಲಿನಲ್ಲಿ ಉಬ್ಬಿಕೊಂಡೇ ಬದುಕಿದ ನೈಟ್ರೈಲ್ ರಬ್ಬರಿನ ರಿಂಗು ಹೊಸದರಲ್ಲಿ ಕುಗ್ಗುತ್ತದೆ, ವಯಸ್ಸಾಗಿರುವುದರಿಂದ ಮತ್ತೆ ಹಿಗ್ಗುವುದಿಲ್ಲ. 1993ರಲ್ಲಿ ಅಮೆರಿಕದಲ್ಲಿ ಗಂಧಕ ಇಳಿಸಿದಾಗಲೂ ಹಳೇ ಪಂಪುಗಳು ಹೀಗೇ ಸೋರತೊಡಗಿದ್ದವು. ಅದಕ್ಕೆ ನಾನು ಹಾಕುವುದು ಡೀಸೆಲಿಗೆ ಜಗ್ಗದ ವಿಟಾನ್ ಎಂಬ ರಬ್ಬರಿನ ರಿಂಗು. ಕಂದು ಅಥವಾ ಹಸಿರು ಬಣ್ಣ ಇದ್ದರೆ ವಿಟಾನ್ ಅಂತ ಅಂಗಡಿಯವರು ಹೇಳುತ್ತಾರೆ. ಬಣ್ಣ ಯಾವುದಕ್ಕೂ ಹಾಕಬಹುದು. ಗೊತ್ತಿರುವ ಅಂಗಡಿಯಲ್ಲೇ ಸೀಲ್ ಕಿಟ್ ತೆಗೆದುಕೊಳ್ಳಿ.

ರಿಂಗ್ ಹಾಕಿ ಮುಚ್ಚುವ ಮೊದಲು ಶಾಫ್ಟನ್ನು ಕವರಿನ ತೂತಿನಲ್ಲಿ ಆಡಿಸಿ ನೋಡಬೇಕು. ರಿಟರ್ನ್ ಸ್ಪ್ರಿಂಗ್ ಅದನ್ನು ವರ್ಷಗಟ್ಟಲೆ ಒಂದೇ ಕಡೆ ಎಳೆಯುತ್ತಿರುತ್ತದೆ. ತೂತು ಮೊಟ್ಟೆಯಾಕಾರ ಆಗಿರುತ್ತದೆ. ಇದರಲ್ಲೂ ಆಡುತ್ತಿತ್ತು. ಹಾಗಾದರೆ ತೂತಿನೊಳಗೆ ಕೂರಿಸುವ ಬಳೆ, ಅಂದರೆ ಬುಷ್, ಬೇಕು. "ಲೇತಿನಲ್ಲಿ ಕೊರೆಸಿ ಬುಷ್ ಹಾಕಿಸೋಣ, ಇಲ್ಲದಿದ್ದರೆ ಹೊಸ ರಿಂಗನ್ನೂ ತಿಂದುಬಿಡುತ್ತೆ" ಅಂದೆ. ನಾಳೆ ಬೆಳಿಗ್ಗೆ ಗೆಸ್ಟ್ ಕರೆತರಬೇಕು, ಮುಂದಿನ ಸಲ ನೋಡೋಣ ಎಂದರು. ಸರಿ ಅಂದೆ.

ಕವರ್ ಮುಚ್ಚಿದ ಮೇಲೆ ಮೊದಲ ಸ್ಟಾರ್ಟಿಗೆ ಕೀ ಹತ್ತಿರ ಒಬ್ಬರು ಕೂತಿರಲೇಬೇಕು. ಗವರ್ನರ್ ಸ್ಪ್ರಿಂಗ್ ಸರಿಯಾಗಿ ಕೂರದಿದ್ದರೆ ಎಂಜಿನ್ ತನ್ನಷ್ಟಕ್ಕೇ ರೇಸ್ ಏರುತ್ತದೆ. ಕೀ ಆಫ್ ಮಾಡಿದರೆ ಕರೆಂಟಿನ ವಾಲ್ವ್, ಸೊಲೆನಾಯ್ಡ್, ಡೀಸೆಲ್ ನಿಲ್ಲಿಸುತ್ತದೆ. ಅದೂ ಕೈಕೊಟ್ಟರೆ ಅಂತ ಏರ್ ಫಿಲ್ಟರ್ ಬಾಯಿ ಮುಚ್ಚಲು ಒಂದು ಹಲಗೆ ತುಂಡು ಪಕ್ಕದಲ್ಲಿರಲಿ. ಏರ್ ತೆಗೆಯುವುದು ಗೊತ್ತೇ ಇದೆ. ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿ, ನಾಜಲ್ ಹತ್ತಿರದ ನಟ್‌ಗಳನ್ನು ಸಡಿಲಿಸಿ ಸೆಲ್ಫ್ ಹೊಡೆದು, ಡೀಸೆಲ್ ಬಂದ ಕೂಡಲೇ ಬಿಗಿಯುವುದು. ಹದಿನೈದು ಸೆಕೆಂಡಿಗಿಂತ ಜಾಸ್ತಿ ಒಂದೇ ಸಮ ಹೊಡೆಯಬೇಡಿ, ಸೆಲ್ಫ್ ಸುಟ್ಟರೆ ಅದು ಬೇರೆ ಖರ್ಚು.

ಈ ಹೊತ್ತಲ್ಲಿ ಆಗುವ ಒಂದು ತಪ್ಪು ಹೇಳಿಬಿಡುತ್ತೇನೆ. ಪಂಪಿಗೆ ಡೀಸೆಲ್ ಬರುವ, ನಡುವೆ ತೂತಿರುವ ಬ್ಯಾಂಜೋ ಬೋಲ್ಟು, ವಾಪಸ್ ಹೋಗುವ ಬೋಲ್ಟು ನೋಡಲು ಅಣ್ಣತಮ್ಮಂದಿರ ಹಾಗೆ. ವಾಪಸ್ಸಿನದರ ತಲೆ ಮೇಲೆ 'ಔಟ್' ಅಂತ ಇಂಗ್ಲಿಷಿನಲ್ಲಿ ಕೊರೆದಿರುತ್ತದೆ. ಅದರೊಳಗೆ ಸೂಜಿಯಷ್ಟು ತೂತು. ಪಂಪಿನ ಹೊಟ್ಟೆಯಲ್ಲಿ ಒತ್ತಡ ಉಳಿಯುವುದೇ ಆ ತೂತಿನಿಂದ. ಅದಲು ಬದಲು ಮಾಡಿದರೆ ಒಳಗೆ ಡೀಸೆಲ್ ಸಾಲುವುದಿಲ್ಲ, ಒತ್ತಡವೂ ಉಳಿಯುವುದಿಲ್ಲ, ಗಾಡಿ ಎಳೆಯುವುದಿಲ್ಲ. ಇಷ್ಟಕ್ಕೇ ಪಂಪ್ ಇಳಿಸಿ, ಪಂಪನ್ನು ತಿರುಗಿಸಿ ಪರೀಕ್ಷಿಸುವ ಟೆಸ್ಟ್ ಬೆಂಚಿಗೆ ತಂದವರಿದ್ದಾರೆ. ನಾನು ಬೋಲ್ಟ್ ಬದಲಾಯಿಸಿ ಕಳಿಸಿದ್ದೇನೆ.

ಎಲ್ಲ ಸೋರಿಕೆಯೂ ಇಷ್ಟು ಸುಲಭವಲ್ಲ. ಹೆಡ್ಡಿನ ರಿಂಗ್ ನಿಜವಾಗಿಯೂ ಹೋಗಿದ್ದರೆ ಗಾಡಿಯ ಮೇಲೇ ಬಿಚ್ಚಬೇಡಿ. ಪ್ಲಂಜರ್ ಹಿಂದಿನ ಸ್ಪ್ರಿಂಗು, ಅಳತೆ ಸರಿಮಾಡುವ ತೆಳು ಬಿಲ್ಲೆ ಶಿಮ್ಮು ಜಾರಿ ಬಿದ್ದರೆ ಮತ್ತೆ ಅದೇ ಜಾಗಕ್ಕೆ ಕೂರಿಸುವುದು ಊಹೆಯ ಮೇಲೆ ಆಗುವ ಕೆಲಸವಲ್ಲ. ಅದು ಬೆಂಚಿಗೆ ಹೋಗಲಿ. ಎಲ್ಲಕ್ಕಿಂತ ಕೆಟ್ಟದ್ದು ಪಂಪಿನ ಮುಂಭಾಗದ ಶಾಫ್ಟ್ ಸೀಲು ಹೋಗುವುದು. ಗೇರಿನಿಂದ ತಿರುಗುವ ಪಂಪುಗಳಲ್ಲಿ ಅದು ಹೋದರೆ ಡೀಸೆಲ್ ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಏರಿರುತ್ತದೆ, ಗಿರಾಕಿ ಖುಷಿಪಡುತ್ತಾನೆ. ಕ್ವಾಲಿಸ್‌ನಲ್ಲಿ ಪಂಪ್ ತಿರುಗುವುದು ಎಂಜಿನ್ನಿನ ವಾಲ್ವುಗಳನ್ನೂ ನಡೆಸುವ ಟೈಮಿಂಗ್ ಬೆಲ್ಟಿನಿಂದ. ಸೋರಿದ ಡೀಸೆಲ್ ಬೀಳುವುದು ಆ ಬೆಲ್ಟಿನ ಮೇಲೆ. ಲಕ್ಷ ಕಿಲೋಮೀಟರ್ ಬಾಳಬೇಕಾದ ಬೆಲ್ಟು ಮೆತ್ತಗಾಗಿ, ಹಲ್ಲು ಕಿತ್ತು, ಎಲ್ಲೋ ಘಾಟಿಯಲ್ಲಿ ಕಡಿಯುತ್ತದೆ. ಆಮೇಲೆ ವಾಲ್ವ್ ಲೆಕ್ಕ. ಮುಂದಿನ ಟೈಮಿಂಗ್ ಕವರಿನ ಅಡಿಯಿಂದ ಡೀಸೆಲ್ ವಾಸನೆಯ ಹನಿ ಬೀಳುತ್ತಿದ್ದರೆ ಗಾಡಿ ಅಲ್ಲೇ ನಿಲ್ಲಲಿ. ಸೀಲ್ ಬದಲಾಯಿಸುವಾಗ ಬೆಲ್ಟನ್ನೂ ಬದಲಾಯಿಸಿ, ಒರೆಸಿ ಮತ್ತೆ ಹಾಕಬೇಡಿ.

ಹನಿ ಹನಿ ತಾನೇ ಅಂತ ಬಿಡುವವರಿಗೆ ನಾನೊಂದು ಲೆಕ್ಕ ಹೇಳುತ್ತೇನೆ. ಸೆಕೆಂಡಿಗೊಂದು ಹನಿ ಅಂದರೆ ಗಂಟೆಗೆ ನೂರೈವತ್ತರಿಂದ ಇನ್ನೂರು ಮಿಲಿ ಲೀಟರ್. ನಿಮ್ಮ ದುಡ್ಡು ಹಾಳಾಗಲಿ, ಚಾರ್ಮಾಡಿಯ ತಿರುವಿನಲ್ಲಿ ಬಿದ್ದ ಆ ಡೀಸೆಲಿನ ಮೇಲೆ ಹಿಂದೆ ಬರುವ ಬೈಕಿನವನು ಜಾರುತ್ತಾನೆ.

ಮೂಡಿಗೆರೆಯವರು ಮಾರನೇ ದಿನ ಫೋನ್ ಮಾಡಿದರು. ರಾತ್ರಿ ಬೇಕಂತಲೇ ಮೂತಿ ಮೇಲೆ ಮಾಡಿ ನಿಲ್ಲಿಸಿದ್ದರಂತೆ. ಒಂದೇ ಸೆಲ್ಫ್. ಮಳೆಗಾಲ ಕಳೆಯಿತು. ದೀಪಾವಳಿ ಹೊತ್ತಿಗೆ ಗಾಡಿ ಮತ್ತೆ ಅಂಗಡಿ ಮುಂದೆ ಬಂತು, ಅದೇ ಲಿವರಿನ ಬುಡ, ಅದೇ ಗುಳ್ಳೆ.

"ಬುಷ್ ಹಾಕಿಸ್ಬಿಡಿ ಮಾರಾಯ್ರೇ" ಅಂದರು. ಕವರ್ ಬಿಚ್ಚಿ ಲೇತಿಗೆ ಕಳಿಸಿದೆ.