ಪಾದ್ರಿಯ ಮನೆಯಿಂದ ಸುಗ್ರೀವಾಜ್ಞೆಯವರೆಗೆ: ಬೆಂಗಳೂರು ಅರಮನೆ ಯಾರದು?

ಬೆಂಗಳೂರು ಅರಮನೆಯ ವಿವಾದ ಸುದ್ದಿಯಾದಾಗಲೆಲ್ಲ ಕಥೆ 1996ರ ಸ್ವಾಧೀನ ಕಾಯ್ದೆಯಿಂದಲೇ ಶುರುವಾಗುತ್ತದೆ. ಒಂದು ಕಡೆ ರಾಜ್ಯ ಸರ್ಕಾರ, ಇನ್ನೊಂದು ಕಡೆ ಮೈಸೂರು ರಾಜಮನೆತನ, ನಡುವೆ 472 ಎಕರೆ 16 ಗುಂಟೆ ಜಮೀನು. ಜಗಳದ ಬೇರು ಇರುವುದು ಅದಕ್ಕೂ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದೆ, ಈ ಮನೆ ಮೊದಲ ಸಲ ಕೈ ಬದಲಿಸಿದ ಹೊತ್ತಿನಲ್ಲಿ.

ಆಗ ಅದರ ಒಡೆಯ ರೆವರೆಂಡ್ ಜಾನ್ ಗ್ಯಾರೆಟ್. ಬೆಂಗಳೂರಿನ ಸೆಂಟ್ರಲ್ ಹೈಸ್ಕೂಲಿನ, ಅಂದರೆ ಮುಂದೆ ಸೆಂಟ್ರಲ್ ಕಾಲೇಜಾದ ಸಂಸ್ಥೆಯ, ಮೊದಲ ಪ್ರಾಂಶುಪಾಲ. ಅರಮನೆಯ ಇತಿಹಾಸ ಹೇಳುವವರು ಇವರ ಹೆಸರನ್ನು ಒಂದು ಸಾಲಿನಲ್ಲಿ ಮುಗಿಸಿ ಮುಂದಕ್ಕೆ ಹೋಗುತ್ತಾರೆ. ಅದು ಅನ್ಯಾಯ. ವೆಸ್ಲಿಯನ್ ಮಿಷನ್ನಿನ ಅಚ್ಚುಕೂಟದಲ್ಲಿ ದುಡಿದ ಈ ಪಾದ್ರಿ, 1849ರಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರನ್ನೂ ಸೇರಿಸಿ ಬೆಂಗಳೂರಿನಲ್ಲಿ ಮುದ್ರಿಸಿ ಹೊರತಂದವರು. ಕ್ರೈಸ್ತ ಮಿಷನ್ನಿನ ಅಚ್ಚಿನ ಮೊಳೆಗಳಲ್ಲಿ ಗೀತೆ! ಬಳಿಕ ಮೈಸೂರು ಸೀಮೆಯ ಶಿಕ್ಷಣ ಇಲಾಖೆಯ ಮುಖ್ಯಸ್ಥರೂ ಆದರು. 1873ರಲ್ಲಿ ಅವರ ಆಸ್ತಿ 40,000 ರೂಪಾಯಿಗೆ ಮಾರಾಟವಾಯಿತು.

ಕೊಂಡವರು ಯಾರು ಎಂಬಲ್ಲಿ ಗಂಟು ಬೀಳುತ್ತದೆ. ಆಸ್ತಿ ಬಂದದ್ದು ಹತ್ತು ವರ್ಷದ ಬಾಲಕ ಚಾಮರಾಜೇಂದ್ರ ಒಡೆಯರ ಪಾಲಿಗೆ. ವ್ಯವಹಾರ ಮಾಡಿದ್ದು ಅವರ ಬ್ರಿಟಿಷ್ ಪೋಷಕರು. 1831ರಲ್ಲೇ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡಿದ್ದ ಬ್ರಿಟಿಷರು ಕಮಿಷನರುಗಳ ಮೂಲಕ ರಾಜ್ಯ ನಡೆಸುತ್ತಿದ್ದರು. 1868ರಲ್ಲಿ ಮುಮ್ಮಡಿಯವರು ತೀರಿಕೊಂಡಾಗ ಅವರ ದತ್ತುಪುತ್ರನಿಗೆ ಐದು ವರ್ಷ. ಹುಡುಗ ಪ್ರಾಯಕ್ಕೆ ಬಂದ ಮೇಲೆ ರಾಜ್ಯ ಹಿಂತಿರುಗಿಸುವುದೆಂದು ತೀರ್ಮಾನವಾಗಿತ್ತು. ಅಲ್ಲಿಯವರೆಗೆ ಆತನನ್ನು ತಮ್ಮ ಎರಕದಲ್ಲಿ ಬೆಳೆಸಬೇಕೆಂಬುದು ಆಳುವವರ ಇಚ್ಛೆ. ಅದಕ್ಕಾಗಿ 1869ರಲ್ಲಿ ಕರ್ನಲ್ ಮ್ಯಾಲೆಸನ್ ಎಂಬ ಸೇನಾಧಿಕಾರಿ ಪೋಷಕರಾಗಿ ಬಂದರು. ರಾಜರ ಗಾದಿ ಮೈಸೂರಿನಲ್ಲಿತ್ತು, ಅಧಿಕಾರ ಬೆಂಗಳೂರಿನಲ್ಲಿತ್ತು. ಬಾಲರಾಜನಿಗೆ ಬೆಂಗಳೂರಿನಲ್ಲಿ ಮನೆ ಬೇಕೆನಿಸಿದ್ದು ರಾಜಮನೆತನಕ್ಕಿಂತ ಹೆಚ್ಚಾಗಿ ಅಧಿಕಾರಿಗಳಿಗೆ ಎಂದೇ ನನ್ನ ಅನಿಸಿಕೆ.

ಹಣ ಯಾರದು? ಮಹಾರಾಜರ ಸ್ವಂತ ನಿಧಿಯದು ಎಂಬುದು ರಾಜಮನೆತನದ ವಾದ. ಆದರೆ ಆ ಕಾಲದಲ್ಲಿ ರಾಜರ ‘ಸ್ವಂತ’ ಎಂಬುದು ಎಲ್ಲಿಂದ ಬರುತ್ತಿತ್ತು? 1799ರ ಒಪ್ಪಂದದ ಪ್ರಕಾರ, ಆಡಳಿತ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋದರೆ ಮಹಾರಾಜರಿಗೆ ವರ್ಷಕ್ಕೆ ಒಂದು ಲಕ್ಷ ಸ್ಟಾರ್ ಪಗೋಡ (ಆಗಿನ ಚಿನ್ನದ ನಾಣ್ಯ) ಮತ್ತು ರಾಜ್ಯದ ನಿವ್ವಳ ಆದಾಯದ ಐದನೇ ಒಂದು ಭಾಗ ಸಲ್ಲಬೇಕಿತ್ತು. ರೈತ ಕಟ್ಟಿದ ಕಂದಾಯವೇ ಖಜಾನೆಯ ಹೊಸ್ತಿಲು ದಾಟಿದೊಡನೆ ರಾಜರ ಖಾಸಗಿ ಹಣವಾಗುತ್ತಿತ್ತು. ಕಾನೂನಿನಲ್ಲಿ ಇದು ತಪ್ಪಲ್ಲ. ಆದರೆ ಅರಮನೆ ಜನರದ್ದು ಎನ್ನುವವರಿಗೂ ರಾಜರದ್ದು ಎನ್ನುವವರಿಗೂ ಇಲ್ಲೇ ಹಿಡಿದುಕೊಳ್ಳಲು ಒಂದೊಂದು ಎಳೆ ಸಿಕ್ಕಿಬಿಟ್ಟಿತು.

ಕಟ್ಟಡದ ದೊಡ್ಡ ಕೆಲಸ ನಡೆದದ್ದು 1874ರಿಂದ 1878ರ ನಡುವೆ. ಗೋಪುರಗಳು, ಕೋಟೆಯ ತೆನೆಗಳಂಥ ಅಂಚು, ಗೋಡೆಗೆ ಹಬ್ಬಿದ ಬಳ್ಳಿ, ಎಲ್ಲವೂ ಇಂಗ್ಲೆಂಡಿನ ಟ್ಯೂಡರ್ ಶೈಲಿಯವು. ಇದು ವಿಂಡ್ಸರ್ ಕೋಟೆಯ ಪ್ರತಿರೂಪ ಎಂಬ ಮಾತನ್ನು ಪ್ರವಾಸಿಗರಿಗೆ ಇಂದಿಗೂ ಹೇಳುತ್ತಾರೆ. ಎರಡರ ಗಾತ್ರ ಬಲ್ಲವರು ನಕ್ಕು ಸುಮ್ಮನಾಗಬಹುದು. ಒಳಗೆ ಮಾತ್ರ ಬೇರೆ ಲೋಕ. ಮೇಲಿನ ಮಹಡಿಯ ದರ್ಬಾರ್ ಸಭಾಂಗಣದಲ್ಲಿ ಬಣ್ಣದ ಗಾಜಿನ ಗಾಥಿಕ್ ಕಿಟಕಿಗಳಿದ್ದರೂ ಹೆಂಗಸರು ಕೂರಲು ಮರೆಯ ಏರ್ಪಾಡಿದೆ. ಕೆಳಗೆ ತೊಟ್ಟಿಯಂಥ ಅಂಗಳದಲ್ಲಿ ನೀಲಿ ಹೆಂಚು ಹೊದಿಸಿದ ಕಲ್ಲಿನ ಆಸನಗಳಿವೆ.

ಅದೇ ವರ್ಷಗಳಲ್ಲಿ ಹೊರಗೆ ಏನಾಗುತ್ತಿತ್ತು ಎಂಬುದನ್ನು ಬಿಟ್ಟು ಈ ಮನೆಯ ಚರಿತ್ರೆ ಬರೆಯಲಾಗದು. ಧಾತು, ಈಶ್ವರ ಸಂವತ್ಸರಗಳ ಭೀಕರ ಬರ ಮೈಸೂರು ಸೀಮೆಯನ್ನು ಬಡಿದದ್ದು 1876ರಿಂದ 1878ರವರೆಗೆ. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ರಾಜ್ಯದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರ ಕೈಗೆ ಬಂದದ್ದು ಅರಮನೆಯ ಜೊತೆಗೆ ಸಾಲ ಹೊತ್ತು, ಸೊರಗಿ ನಿಂತಿದ್ದ ರಾಜ್ಯ.

ಅಲ್ಲಿಂದ ಮುಂದಿನ ಏಳು ದಶಕಗಳಲ್ಲಿ ಒಡೆತನದ ಪ್ರಶ್ನೆ ಏಳಲಿಲ್ಲ. ರಾಜ್ಯವೇ ರಾಜರದಾಗಿದ್ದಾಗ ಮನೆಯ ಬಗ್ಗೆ ಕೇಳುವವರು ಯಾರು? ಭಾರತ ಗಣರಾಜ್ಯವಾದ 1950ರ ಹೊತ್ತಿಗೆ ಕೇಳಲೇಬೇಕಾಯಿತು. ಸಂಸ್ಥಾನ ಬಿಟ್ಟುಕೊಟ್ಟ ಜಯಚಾಮರಾಜ ಒಡೆಯರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿಯ ರಾಜಧನ ನಿಗದಿಯಾಯಿತು. ಅವರ ಖಾಸಗಿ ಆಸ್ತಿ ಯಾವುದು, ಸರ್ಕಾರಕ್ಕೆ ಸೇರುವುದು ಯಾವುದು ಎಂಬ ಪಟ್ಟಿಯೂ ಆಯಿತು. ಬೆಂಗಳೂರು ಅರಮನೆ ಖಾಸಗಿ ಪಟ್ಟಿಗೆ ಸೇರಿತು. ನನ್ನ ಲೆಕ್ಕದಲ್ಲಿ ಇಡೀ ವಿವಾದದಲ್ಲಿ ಅತ್ಯಂತ ಗಟ್ಟಿಯಾದ ಕಾಗದ ಇದೇ. 1873ರ ಮಸುಕನ್ನು ಸ್ವತಂತ್ರ ಭಾರತದ ಸರ್ಕಾರವೇ ರಾಜರ ಪರವಾಗಿ ಒರೆಸಿಹಾಕಿತ್ತು.

1971ರ ಸಂವಿಧಾನ ತಿದ್ದುಪಡಿ ರಾಜಧನವನ್ನು ಕಿತ್ತುಹಾಕಿತು. 1974ರಲ್ಲಿ ಜಯಚಾಮರಾಜರು ತೀರಿಕೊಂಡರು, 1976ರಲ್ಲಿ, ಊರೊಳಗೆ ಒಬ್ಬರು ಇಟ್ಟುಕೊಳ್ಳಬಹುದಾದ ಖಾಲಿ ಜಮೀನಿಗೆ ಮಿತಿ ಹಾಕುವ ನಗರ ಭೂಮಿತಿ ಕಾಯ್ದೆ ಬಂತು. ಊರು ಅರಮನೆಯನ್ನು ಸುತ್ತುವರಿದು ಬೆಳೆಯುತ್ತಿತ್ತು. ಒಂದು ಕಾಲಕ್ಕೆ ಪಟ್ಟಣದ ಹೊರಗಿದ್ದ ತೋಟ ಈಗ ನಟ್ಟನಡುವಿನ ಚಿನ್ನ.

1996ರಲ್ಲಿ ರಾಜ್ಯ ಸರ್ಕಾರ ಶಾಸನ ಮಾಡಿ ಇಡೀ ಆಸ್ತಿಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಲು ಹೊರಟಿತು. ಪರಿಹಾರ 11 ಕೋಟಿ ರೂಪಾಯಿ, ಅಂದರೆ ಎಕರೆಗೆ ಸುಮಾರು 2.3 ಲಕ್ಷ. ಬಯಲನ್ನು ಕಾಂಕ್ರೀಟಿನಿಂದ ಉಳಿಸಬೇಕೆಂಬ ಆಶಯ ಸರಿಯೇ. ಆ ಬೆಲೆಯನ್ನು ಮಾತ್ರ ಯಾವ ಮುಖ ಹೊತ್ತು ಸಮರ್ಥಿಸುವುದು? ಹೈಕೋರ್ಟ್ 1997ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಜಯಚಾಮರಾಜರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮತ್ತು ಕುಟುಂಬದವರು ಸುಪ್ರೀಂ ಕೋರ್ಟಿಗೆ ಹೋದರು. ಆಸ್ತಿ ಯಥಾಸ್ಥಿತಿಯಲ್ಲಿ ನಿಂತಿತು. ಶ್ರೀಕಂಠದತ್ತರು 2013ರಲ್ಲಿ ತೀರಿಕೊಂಡರು. ಮೇಲ್ಮನವಿ ಬದುಕಿಯೇ ಇತ್ತು.

ಹೊಸ ತಿರುವು ಬಂದದ್ದು ರಸ್ತೆಯಿಂದ. ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆಗಳ ಅಗಲೀಕರಣಕ್ಕೆ ಅರಮನೆ ಮೈದಾನದ ಸುಮಾರು 15 ಎಕರೆ ಬೇಕಾಯಿತು. ಇಂಥ ಕಡೆ ಸರ್ಕಾರ ನಗದಿನ ಬದಲು ಅಭಿವೃದ್ಧಿ ಹಕ್ಕು ವರ್ಗಾವಣೆಯ ಪತ್ರ, ಜನರ ಬಾಯಲ್ಲಿ ಟಿಡಿಆರ್, ಕೊಡುತ್ತದೆ. ಅದಿದ್ದವರು ಬೇರೆಡೆ ಸಾಮಾನ್ಯ ಮಿತಿಗಿಂತ ಹೆಚ್ಚು ಮಹಡಿ ಏರಿಸಬಹುದು, ಇಲ್ಲವೇ ಅದನ್ನು ಮಾರಬಹುದು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಟಿಡಿಆರ್ ಕೊಡುವಂತೆ ಆದೇಶಿಸಿತು. ಸರ್ಕಾರ ಲೆಕ್ಕ ಹಾಕಿದಾಗ ಬಂದ ಮೊತ್ತ 3,014 ಕೋಟಿ ರೂಪಾಯಿ: ಎಕರೆಗೆ 200 ಕೋಟಿಯ ಹತ್ತಿರ.

1996ರಲ್ಲಿ 2.3 ಲಕ್ಷವೆಂದವರೇ ಈಗ ಈ ಅಂಕಿ ಕಂಡು ಬೆಚ್ಚಿದರು. 2025ರ ಜನವರಿಯಲ್ಲಿ ಸುಗ್ರೀವಾಜ್ಞೆ ಬಂತು. ಅಷ್ಟು ಬೆಲೆ ತೆತ್ತು ರಸ್ತೆ ಮಾಡಬೇಕೋ ಬೇಡವೋ ಎಂದು ನಿರ್ಧರಿಸುವ, ಬೇಡವೆನಿಸಿದರೆ ಯೋಜನೆಯನ್ನೇ ಕೈಬಿಡುವ ಅಧಿಕಾರವನ್ನು ಸರ್ಕಾರ ಅದರ ಮೂಲಕ ತನ್ನ ಬಳಿ ಇಟ್ಟುಕೊಂಡಿತು. ಹೀಗೆ ರಸ್ತೆಯಂಚಿನ ಹದಿನೈದು ಎಕರೆಯ ಜಗಳ ಮುಂದಕ್ಕೆ ಬಂದು, 1996ರ ಕಾಯ್ದೆ ಊರ್ಜಿತವೇ ಎಂಬ ಮೂಲ ಪ್ರಶ್ನೆ ಹಿಂದಕ್ಕೆ ಸರಿಯಿತು.